ಹಳೆಯ ಕಬ್ಬಿಣ, ಹೊಸ ಮದ್ದು

ಜೂನ್ ೧೨, ಶನಿವಾರ

ನನಗೆ ಬರೆಯುವ ಚಟ ಇಲ್ಲ. ಆದರೆ ಮನೆಯಲ್ಲಿ ಬೈಯಲು ಯಾರೂ ಉಳಿದಿಲ್ಲ, ನಾಯಿಗೆ ಬೈದರೆ ಅದು ಬಾಲ ಅಲ್ಲಾಡಿಸುತ್ತದೆ. ಹಾಗಾಗಿ ಗೊಬ್ಬರದಂಗಡಿಯವರು ಪುಕ್ಕಟೆ ಕೊಟ್ಟ ಈ ಡೈರಿಯಲ್ಲಿ ಬೈಯುತ್ತೇನೆ.

ಎಲ್ಕ್ ಬೇಟೆಯ ಪರವಾನಗಿ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ನದಿಯಾಚೆಯ ಕೊರಕಲು ಗುಡ್ಡಗಳಲ್ಲಿ ಒಂದು ಹೆಣ್ಣು ಎಲ್ಕ್, ಆ ದೊಡ್ಡ ಜಾತಿಯ ಜಿಂಕೆ, ಹೊಡೆಯಬಹುದು. ನನ್ನ ಗಂಡ ಆರ್ಲೋ ಮತ್ತು ನಾನು ಪ್ರತಿ ವರ್ಷ ಅರ್ಜಿ ಹಾಕುತ್ತಿದ್ದೆವು, ಒಂದು ವರ್ಷವೂ ಬಂದಿರಲಿಲ್ಲ. ಫೆಬ್ರವರಿಯಲ್ಲಿ ಅವನು ಸತ್ತ, ಜೂನಿನಲ್ಲಿ ನನಗೆ ಪರವಾನಗಿ ಬಂತು. ದೇವರ ಈ ತಮಾಷೆ ನನಗೆ ಅರ್ಥವಾಗುವುದಿಲ್ಲ, ಅರ್ಥ ಮಾಡಿಕೊಳ್ಳಲು ನಾನು ಹೋಗುವುದೂ ಇಲ್ಲ.

ಖುಷಿಯಲ್ಲಿ ಅಪ್ಪನ ಕೋವಿ ತೆಗೆದು ಒರೆಸಿದೆ. ಆಮೇಲೆ ತೋಟಾ ಹುಡುಕಿದರೆ ಡ್ರಾಯರಿನಲ್ಲಿ ಸಿಕ್ಕಿದ್ದು ಎರಡೇ. ಈ ಕೋವಿಯ ಅಳತೆ ಹಳೇ ಕಾಲದ್ದು. ಒಳ್ಳೆಯ ವರ್ಷದಲ್ಲೇ ಅಂಗಡಿಯವರು ಇದರ ತೋಟಾ ಇಡುವುದಿಲ್ಲ, ಈ ವರ್ಷವಂತೂ ದೇಶವೆಲ್ಲ ತೋಟಾದ ಬರ, ಎಲ್ಲ ಕಪಾಟುಗಳೂ ಬೋಳು. ಹಾರಿಸಿದ ತೋಟಾದ ಹಿತ್ತಾಳೆ ಕೋಶಗಳನ್ನು ಆರ್ಲೋ ಜೋಪಾನವಾಗಿಟ್ಟು, ನೆಲಮಾಳಿಗೆಯ ಮೇಜಿನಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಮದ್ದು ತುಂಬಿ, ಗುಂಡು ಕೂರಿಸಿ ಮತ್ತೆ ತೋಟಾ ಮಾಡಿ ಕೊಡುತ್ತಿದ್ದ. ಮದುವೆಯಾದಾಗಿನಿಂದ ನಾನು ಹಾರಿಸಿದ್ದೆಲ್ಲ ಅವನ ಕೈಯಿಂದ ಬಂದ ತೋಟಾಗಳೇ. ಕೋಶ ಒರೆಸುವುದು ನನ್ನ ಕೆಲಸ. ಇದನ್ನೆಲ್ಲ ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿ ಎಳೆಯುವುದು ಅವನದು.

ಈಗ ಕೋಶಗಳೇನೋ ಕಾಫಿ ಡಬ್ಬಿಯ ತುಂಬ ಇವೆ. ಮೇಜಿಲ್ಲ. ಪ್ರೆಸ್ಸೂ ಇಲ್ಲ. ಮಣ್ಣು ಮಾಡಿ ಒಂದು ವಾರ ಕಳೆದಿರಲಿಲ್ಲ, ನಾನು ಶಾಲೆಯ ಬಸ್ ಓಡಿಸಲು ಹೋಗಿದ್ದಾಗ ಮೈದುನ ಡೆಲ್ಬರ್ಟ್ ಟ್ರಕ್ ತಂದು ಎಲ್ಲವನ್ನೂ ಹೇರಿಕೊಂಡು ಹೋದ. ಇವರ ಮನೆತನದಲ್ಲಿ ಗಂಡಸು ಸತ್ತರೆ ಅವನ ಹತಾರಗಳು ಗಂಡಸರಿಗೇ ಸೇರಬೇಕಂತೆ. ಸತ್ತವನ ಬೂಟಿನ ಅಳತೆ ಕೇಳುವವರೂ ಇದ್ದಾರೆ. ಕೋವಿ ನನ್ನಪ್ಪನದಾದ್ದರಿಂದ ಉಳಿಯಿತು.

ಇವತ್ತು ಡೆಲ್ಬರ್ಟ್ ಫೋನ್ ಮಾಡಿದ್ದ. ಪರವಾನಗಿಯ ಸುದ್ದಿ ಅವನಿಗೆ ನನಗಿಂತ ಮೊದಲೇ ಗೊತ್ತು. ತನ್ನ ದೊಡ್ಡ ಕೋವಿ ಕೊಡುತ್ತಾನಂತೆ, ಜೊತೆಗೆ ತಾನೂ ಬರುತ್ತಾನಂತೆ.

"ನೀನು ಟ್ರಕ್ಕಲ್ಲಿ ಬೆಚ್ಚಗೆ ಕೂತಿರು ಅತ್ತಿಗೆ. ಉಳಿದಿದ್ದು ನಾನು ನೋಡ್ಕೋತೀನಿ," ಅಂದ.

ಪರವಾನಗಿಯ ಮೇಲೆ ಲವಾನ್ ಅಂತ ನನ್ನ ಹೆಸರಿದೆ, ಟ್ರಕ್ಕಿನದಲ್ಲ ಎಂದು ಹೇಳಿ ಫೋನ್ ಇಟ್ಟೆ. ಪ್ರೆಸ್ ವಾಪಸ್ ಕೊಡು ಎಂದು ಕೇಳಬಹುದಿತ್ತು. ಕೇಳುವುದಿಲ್ಲ. ನನ್ನ ಮನೆಯಿಂದಲೇ ಹೋದದ್ದನ್ನು ನಾನು ಕೈಯೊಡ್ಡಿ ಬೇಡಬೇಕೇ? ಅದರ ಬದಲು ಹಲ್ಲಿನಿಂದ ತೋಟಾ ಮಾಡುತ್ತೇನೆ.

ಜೂನ್ ೧೯, ಶನಿವಾರ

ಕರ್ಟಿಸನ ಅಂಗಡಿಗೆ ಹೋಗಿದ್ದೆ. ಮೀನಿನ ಗಾಳದಿಂದ ಕುದುರೆಯ ಲಾಳದವರೆಗೆ ಎಲ್ಲವನ್ನೂ ಮಾರುತ್ತಾನೆ. ತೋಟಾ ಮಾಡಲು ಕಲಿಯುವ ಹೊಸಬರಿಗೆಂದೇ ಒಂದು ದೊಡ್ಡ ಪೆಟ್ಟಿಗೆ ಬರುತ್ತದೆ: ಪ್ರೆಸ್, ತಕ್ಕಡಿ, ಮದ್ದು ಹಾಕುವ ಕೊಳವೆ, ಎಲ್ಲ ಅದರಲ್ಲೇ. ಕೆಂಪು ಬಣ್ಣ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಬೆಲೆ ನೋಡಿದ ಮೇಲೆ ಆ ಮುಖ ಸಪ್ಪಗಾದದ್ದೂ ಕಂಡಿತು. ಬೇಸಿಗೆಯಲ್ಲಿ ಶಾಲೆ ಇಲ್ಲ, ಬಸ್ಸಿಲ್ಲ, ಸಂಬಳವಿಲ್ಲ. ಆರ್ಲೋನ ಬಿಲ್ಲು ಕಳಿಸುವ ಆಸ್ಪತ್ರೆಯವರಿಗೆ ಮಾತ್ರ ಬೇಸಿಗೆ ರಜೆ ಇರುವುದಿಲ್ಲ.

ಕರ್ಟಿಸ್ ಕೆಟ್ಟವನಲ್ಲ. ಆದರೆ ಪೆಟ್ಟಿಗೆ ತಿರುಗಿಸಿ ತೋರಿಸುತ್ತ, "ಇದನ್ನ ನಿಮಗೆ ಯಾರು ನಡೆಸಿ ಕೊಡ್ತಾರೆ?" ಎಂದು ಕೇಳಿದ.

ಮಂಜಿನಲ್ಲಿ, ಐಸಿನ ಮೇಲೆ, ಹಿಂದೆ ನಲವತ್ತು ಮಕ್ಕಳು ಕಿರುಚುತ್ತಿರುವಾಗ ಬಸ್ ನಡೆಸುವವಳನ್ನು ಕೇಳುವ ಪ್ರಶ್ನೆಯೇ ಇದು? ಅವನೂ ಚಿಕ್ಕಂದಿನಲ್ಲಿ ಅದೇ ಬಸ್ಸಿನಲ್ಲಿ ಕೂತು ವಾಂತಿ ಮಾಡಿಕೊಂಡವನು. ಹಾಗೆಂದು ನೆನಪಿಸಿ ಹೊರಗೆ ಬಂದೆ.

ಹೊಸದು ಒಂದನ್ನೂ ಕೊಳ್ಳುವುದಿಲ್ಲ. ಒಂದು ತಿರುಪನ್ನೂ ಕೊಳ್ಳುವುದಿಲ್ಲ. ಈ ಜಿಲ್ಲೆಯ ಪ್ರತಿ ಗ್ಯಾರೇಜಿನಲ್ಲೂ ಯಾವನೋ ಸತ್ತವನ ಸಾಮಾನು ತುಕ್ಕು ಹಿಡಿಯುತ್ತ ಬಿದ್ದಿದೆ. ಆರ್ಲೋ ಹೇಳುತ್ತಿದ್ದ, ಎರಕದ ಕಬ್ಬಿಣಕ್ಕೆ ಸಾವಿಲ್ಲ ಅಂತ. ನೋಡೋಣ.

ಜುಲೈ ೩, ಶನಿವಾರ

ಸಿಕ್ಕಿತು!

ರೈಲು ಹಳಿಯ ಆಚೆ ಒಂದು ಮನೆಯವರು ಅಂಗಳದಲ್ಲಿ ಹಳೇ ಸಾಮಾನು ಹರಡಿ ಮಾರುತ್ತಿದ್ದರು. ಮಕ್ಕಳ ಬಟ್ಟೆಗಳ ಟಾರ್ಪಾಲು ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಭಾರ ಇಟ್ಟಿದ್ದರು. ಆ ಭಾರವೇ ನನ್ನ ಪ್ರೆಸ್. ಮಾರುತ್ತಿದ್ದ ಹೆಂಗಸಿಗೆ ಅದೇನೆಂದು ಗೊತ್ತಿರಲಿಲ್ಲ, ಸೇಬಿನ ರಸ ಹಿಂಡುವುದಿರಬೇಕು ಅಂದಳು. ನಾನೂ ಹೌದೌದು ಎಂದು ತಲೆಯಾಡಿಸಿದೆ. ಹತ್ತು ಡಾಲರ್ ಕೇಳಿದಳು. ಟಾರ್ಪಾಲಿಗೆ ಕಲ್ಲು ನಾನೇ ಹುಡುಕಿ ಇಟ್ಟು ಬಂದೆ.

ಮಧ್ಯಾಹ್ನವೆಲ್ಲ ಸೀಮೆಎಣ್ಣೆ, ಕಬ್ಬಿಣದ ಬ್ರಷ್ಷು. ತುಕ್ಕು ಮೇಲಿನದ್ದು ಮಾತ್ರ, ಒಳಗೆ ಗಟ್ಟಿ. ಉದ್ದನೆಯ ದಿಂಡು ಮೇಲೆ ಕೆಳಗೆ ಬೆಣ್ಣೆಯಲ್ಲಿ ಜಾರಿದಂತೆ ಜಾರುತ್ತದೆ. ಹಿಡಿಯ ತುದಿಯಲ್ಲಿ ಇರಬೇಕಾದ ಉಂಡೆ ಮಾತ್ರ ಇಲ್ಲ, ಬರೀ ಸರಳು. ಇರಲಿ. ಆರ್ಲೋನ ಪ್ರೆಸ್ಸಿನ ಮರದ ಉಂಡೆ ಒಡೆದಾಗ ನಾನೇ ಒಂದು ತಂದು ಕೊಟ್ಟಿದ್ದೆ. ನನ್ನ ನಾಲ್ಕನೇ ನಂಬರಿನ ಬಸ್ಸನ್ನು ಗುಜರಿಗೆ ಹಾಕುವ ಮುಂಚೆ ಅದರ ಗೇರಿನ ತಲೆಯಿಂದ ತಿರುಚಿ ತೆಗೆದ ಕರಿ ಉಂಡೆ ಅದು. ಅದೂ ಈಗ ಡೆಲ್ಬರ್ಟನ ಗ್ಯಾರೇಜಿನಲ್ಲಿದೆ.

ಬಾಗಿಲ ಹಲಗೆಯೊಂದನ್ನು ಮೇಜು ಮಾಡಿ ಪ್ರೆಸ್ ಬಿಗಿದೆ. ಬೋಲ್ಟ್ ಕೂಡ ಹಳೆಯದೇ. ಪೇಟೆಯಲ್ಲಿ ನಾಳಿನ ಸ್ವಾತಂತ್ರ್ಯ ದಿನದ ಹಬ್ಬಕ್ಕೆ ಇವತ್ತೇ ಪಟಾಕಿ ಶುರು. ನಾಯಿ ಮಂಚದ ಕೆಳಗೆ ಸೇರಿಕೊಂಡಿದೆ, ನಾನು ಮಾತ್ರ ಮೆರವಣಿಗೆ ಹೊರಟವಳ ಹಾಗೆ ನೆಲಮಾಳಿಗೆಯ ಮೆಟ್ಟಿಲು ಹತ್ತುತ್ತ ಇಳಿಯುತ್ತ ಇದ್ದೇನೆ.

ಜುಲೈ ೧೭, ಶನಿವಾರ

ಹರಾಜಿನ ಕೊಟ್ಟಿಗೆಯಲ್ಲಿ ಇನ್ನುಳಿದದ್ದೂ ಸಿಕ್ಕಿತು. ಕೋಶವನ್ನು ಅಳತೆಗೆ ಒತ್ತುವ ಡೈಗಳು ಬೇಕಿದ್ದವು, ಅವು ಒಂದೊಂದು ಕೋವಿಗೆ ಒಂದೊಂದು. ನನ್ನ ಅಳತೆಯ ಹೆಸರು ಬರೆದ ಡಬ್ಬಿಯೇ ಮೇಲೆ ಕೂತಿತ್ತು, ನನಗಾಗಿ ಕಾದಿದ್ದ ಹಾಗೆ. ಒಂದು ದೂಳು ಹಿಡಿದ ತಕ್ಕಡಿಯೂ ನನ್ನ ಅಳತೆಯ ಗುಂಡುಗಳೂ ಸಿಕ್ಕಿದವು. ಮಾರುವವನು ಅರ್ಧ ಡಬ್ಬಿ ಮದ್ದನ್ನೂ ಪುಕ್ಕಟೆಯಾಗಿ ಕೈಗಿಟ್ಟ. ಡಬ್ಬಿಯ ಮೇಲಿನ ಹೆಸರು ಆರ್ಲೋ ಬಳಸುತ್ತಿದ್ದ ಮದ್ದಿನದೇ.

ಎಲ್ಲ ಸೇರಿ ಕರ್ಟಿಸನ ಕೆಂಪು ಪೆಟ್ಟಿಗೆಯ ಕಾಲುಭಾಗವೂ ಆಗಲಿಲ್ಲ. ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ಟ್ರಕ್ ಓಡಿಸಿಕೊಂಡು ಬಂದೆ. ಹಾರ್ನ್ ಮಾಡಿದೆ. ಅವನು ಕೈ ಬೀಸಿದ, ಪಾಪ.

ಜುಲೈ ೧೮

ಗುಂಡು ಕೋಶದೊಳಗೆ ಬಿದ್ದುಹೋಗುತ್ತದೆ. ಕತ್ತಿನಲ್ಲಿ ಬಿಗಿಯಾಗಿ ಕೂರಬೇಕಾದದ್ದು ಸೂಪಿನಲ್ಲಿ ಚಮಚ ಬಿದ್ದಂತೆ ಬೀಳುತ್ತದೆ. ಮದ್ದು ಹಾಕುವ ಮುಂಚೆ ಬರೀ ಕೋಶದಲ್ಲಿ ನೋಡಿದ್ದು ಒಳ್ಳೆಯದಾಯಿತು. ಮತ್ತೊಂದು. ಮತ್ತೊಂದು. ಅದೇ ಕಥೆ.

ಜುಲೈ ೨೨

ಅದೇ.

ಜುಲೈ ೨೯, ಗುರುವಾರ

ಆರ್ಲೋ, ನೀನು ಒಂದು ದಿನ, ಒಂದೇ ಒಂದು ದಿನ, ಇಲ್ಲಿ ಬಾ, ಈ ಹಿಡಿ ಹಿಡಿ ಅಂತ ಕರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಪ್ರತಿ ಚಳಿಗಾಲ ಪಕ್ಕದ ಸ್ಟೂಲಿನಲ್ಲಿ ಕೂರಿಸಿ ಕೋಶ ಒರೆಸಲು ಹಚ್ಚಿದೆ. ಕೇಳಿದರೆ, "ನಾನಿದೀನಲ್ಲ ಚಿನ್ನಾ," ಅನ್ನುತ್ತಿದ್ದೆ. ಇದ್ದೀಯಾ ಈಗ?

ಬರೆದದ್ದನ್ನು ಹೊಡೆದು ಹಾಕೋಣ ಅನ್ನಿಸಿತು. ಹಾಕುವುದಿಲ್ಲ.

ಆಗಸ್ಟ್ ೭, ಶನಿವಾರ

ಗುರಿ ಅಭ್ಯಾಸದ ಮೈದಾನಕ್ಕೆ ಹೋದೆ, ಡೈಗಳನ್ನೂ ತಕ್ಕಡಿಯನ್ನೂ ಸೇಬಿನ ಬುಟ್ಟಿಯಲ್ಲಿಟ್ಟುಕೊಂಡು. ಅಲ್ಲಿ ಟಿಲ್ಲಿ ಸೋರ್ಬೊ ಇರುತ್ತಾಳೆಂದು ಗೊತ್ತಿತ್ತು. ಮೊದಲು ಅಂಚೆ ಹಂಚುತ್ತಿದ್ದವಳು, ಈಗ ಎಪ್ಪತ್ತು ದಾಟಿದೆ. ಗುರಿಯಲ್ಲಿ ಗಂಡಸರನ್ನೆಲ್ಲ ಸೋಲಿಸಿ, ಸೋತವರ ಥರ್ಮಾಸಿನಿಂದಲೇ ಕಾಫಿ ಕುಡಿಯುವ ಹೆಂಗಸು. ಸಹಾಯ ಕೇಳುವುದಲ್ಲ, ತೋರಿಸುವುದು ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡು ಹೋಗಿದ್ದೆ.

ಅವಳು ಡೈಯನ್ನು ಡಬ್ಬಿಯಿಂದ ತೆಗೆದಳು, ಕನ್ನಡಕ ಮೇಲೇರಿಸಿದಳು, ಡೈಯ ತಲೆಯ ಮೇಲೆ ಕೊರೆದ ಸಣ್ಣ ಅಕ್ಷರ ಓದಿದಳು. ಆಮೇಲೆ ನಕ್ಕಳು.

"ಡಬ್ಬಿ ನಿಂದು, ಒಳಗಿರೋದು ಬೇರೆಯವರದ್ದು ಕಣೇ. ಮೇಲಿನ ಚೀಟಿ ಓದಿ ಗಂಡನ್ನ ಕಟ್ಕೊಂಡಂಗೆ ಕಟ್ಕೊಂಡಿದೀಯ."

ನನ್ನ ತೋಟಾಕ್ಕೆ ಒಬ್ಬ ಅಣ್ಣ ಇದ್ದಾನಂತೆ. ಮೈಯೆಲ್ಲ ಒಂದೇ ಅಳತೆ, ಕತ್ತು ಮಾತ್ರ ದಪ್ಪ. ಆ ಡೈ ಇದರ ಡಬ್ಬಿಗೆ ಬಂದು ಸೇರಿದೆ. ಹಳೇ ಸಾಮಾನು ಕೊಳ್ಳುವವರು ಡಬ್ಬಿ ಓದುತ್ತಾರೆ, ಕಬ್ಬಿಣ ಓದುವುದಿಲ್ಲ ಅಂದಳು. ನನ್ನ ಕಿವಿ ಬಿಸಿಯಾಯಿತು. ಅಕ್ಷರ ಅಲ್ಲೇ ಇತ್ತು, ನಾನೇ ಬ್ರಷ್ಷಿನಿಂದ ಉಜ್ಜಿ ಹೊಳಪಿಸಿದ್ದೆ.

ಆಮೇಲೆ ತಕ್ಕಡಿ. ಟಿಲ್ಲಿ ತನ್ನ ತೂಕದ ಕಲ್ಲುಗಳನ್ನು ಇಟ್ಟು ನೋಡಿದಳು. ಅದೇ ಕಲ್ಲಿಗೆ ಮೊದಲು ಒಂದು ತೂಕ ಹೇಳಿತು, ಎತ್ತಿ ಮತ್ತೆ ಇಟ್ಟರೆ ಇನ್ನೊಂದು. ದೂಳು ಒರೆಸಿದರೂ ಅಷ್ಟೇ. ಅದರ ದಂಡ ತೂಗಾಡುವ ಅಂಚು ಸವೆದುಹೋಗಿದೆ. ಇದನ್ನು ನಂಬಿ ಮದ್ದು ತೂಗಿದ್ದರೆ ಕೋವಿ ನನ್ನ ಕೆನ್ನೆಯ ಪಕ್ಕದಲ್ಲೇ ಬಿರಿಯಬಹುದಿತ್ತಂತೆ.

ಪುಕ್ಕಟೆ ಮದ್ದಿನ ವಿಷಯ ಹೇಳಿದಾಗ ಮಾತ್ರ ಅವಳು ನಗಲಿಲ್ಲ.

"ಸೀಲ್ ಒಡೆದ ಡಬ್ಬೀಲಿ ಏನಿದೆ ಅಂತ ನಿನಗೆ ಗೊತ್ತಾ?"

"ಮೇಲೆ ಬರೆದಿದೆಯಲ್ಲ."

"ಡೈ ಡಬ್ಬಿ ಮೇಲೂ ಬರೆದಿತ್ತು."

ಆರ್ಲೋ ಬೇರೆಯವರ ಅರ್ಧ ಡಬ್ಬಿಗಳನ್ನು ಬಳಸುತ್ತಿದ್ದ, ಏನೂ ಆಗಲಿಲ್ಲ ಎಂದು ವಾದಿಸಿದೆ. ಆರ್ಲೋನ ಅದೃಷ್ಟ ಚೆನ್ನಾಗಿತ್ತು ಅಂದಳು. ಅದೃಷ್ಟ ಚೆನ್ನಾಗಿದ್ದವನು ಅರವತ್ತನಾಲ್ಕಕ್ಕೆ ಸಾಯುತ್ತಾನೆಯೇ ಎಂದು ಬಾಯಿಯವರೆಗೆ ಬಂತು. ಬುಟ್ಟಿ ಎತ್ತಿಕೊಂಡು ಬಂದುಬಿಟ್ಟೆ.

ಫೋನಿನ ಫೋಟೋದಲ್ಲಿ ತೋರಿಸಿದ್ದ ಪ್ರೆಸ್ ಮಾತ್ರ ಒಳ್ಳೆಯದು ಅಂದಳು, ನಾನು ಬೆನ್ನು ತಿರುಗಿಸಿದ ಮೇಲೆ. ಮೊಮ್ಮಕ್ಕಳ ಕಾಲಕ್ಕೂ ಬರುತ್ತದಂತೆ. ಕಬ್ಬಿಣ ಎಷ್ಟು ಹಳೆಯದಾದರೂ ಕೊಳ್ಳು, ಉರಿಯುವಂಥದ್ದನ್ನು ಮಾತ್ರ ಹೊಸದೇ ಕೊಳ್ಳು ಎಂದು ಹಿಂದಿನಿಂದ ಕೂಗಿದಳು. ಕೇಳಿಸದವಳ ಹಾಗೆ ಟ್ರಕ್ ಹತ್ತಿದೆ.

ಆಗಸ್ಟ್ ೧೪, ಶನಿವಾರ

ವಾರವಿಡೀ ಆ ಡಬ್ಬಿಯನ್ನು ನೋಡುತ್ತ ಕಳೆದೆ. ಮುಚ್ಚಳ ತೆಗೆದು ಮೂಸಿದೆ. ಮದ್ದಿನ ಹಾಗೇ ಇತ್ತು. ಇರದೆ ಇನ್ನೇನು? ಅದು ಇಂಥದ್ದೇ ಮದ್ದೆಂದು ಮೂಗು ಹೇಳುತ್ತದೆಯೇ?

ಇವತ್ತು ಅದನ್ನು ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಬಿಟ್ಟೆ. ಹುಲ್ಲಿಗೆ ಒಳ್ಳೆಯದಂತೆ. ಆಮೇಲೆ ಸೀದಾ ಕರ್ಟಿಸನ ಅಂಗಡಿಗೆ ಹೋಗಿ ಹೊಸ ಮದ್ದು, ಹೊಸ ಕೈಪಿಡಿ, ಹೊಸ ತಕ್ಕಡಿ ಕೊಂಡೆ. ಹೊಸದು ಕೊಳ್ಳುವುದಿಲ್ಲ ಎಂದು ಶಪಥ ಮಾಡಿದವಳು ನಾನು, ಮುರಿಯುವ ಹಕ್ಕೂ ನನ್ನದೇ. ಅಮ್ಮನ ಕಾಲದ ಹೊಲಿಗೆ ಯಂತ್ರ ಮಾರಿ ಹಣ ಹೊಂದಿಸಿದೆ. ಆ ಯಂತ್ರ ನನಗೆ ಎಂದೂ ಇಷ್ಟವಿರಲಿಲ್ಲ.

ಕರ್ಟಿಸ್ ಈ ಸಲ ಯಾರು ನಡೆಸುತ್ತಾರೆ ಎಂದು ಕೇಳಲಿಲ್ಲ. ಕೆಂಪು ಪೆಟ್ಟಿಗೆ ಬೇಡವೇ ಎಂದು ಮಾತ್ರ ಕೇಳಿದ. ಬೇಡ, ಕಬ್ಬಿಣ ನನ್ನ ಹತ್ತಿರ ಇದೆ ಅಂದೆ.

ಆಗಸ್ಟ್ ೨೮, ಶನಿವಾರ

ಸರಿಯಾದ ಡೈ ಸಿಕ್ಕಿತು, ಹಳೆಯದೇ. ಮಾರುವವನು ಡಬ್ಬಿ ಮುಂದೆ ಹಿಡಿದ. ನಾನು ಡಬ್ಬಿ ಅವನ ಕೈಯಲ್ಲೇ ಬಿಟ್ಟು ಡೈ ತೆಗೆದುಕೊಂಡು ಬಿಸಿಲಿಗೆ ತಿರುಗಿಸಿ ಓದಿದೆ. ಅವನು ಯಜಮಾನರಿಗಾ ಎಂದು ಕೇಳಿದ. ಯಜಮಾನಿಗೆ ಅಂದೆ.

ಕೇಪುಗಳು ಎಲ್ಲೂ ಇಲ್ಲ. ಟಿಲ್ಲಿಯ ಹತ್ತಿರ ಸೀಲ್ ಒಡೆಯದ ಎರಡು ಡಬ್ಬಿ ಇವೆಯಂತೆ. ದುಡ್ಡು ಬೇಡ, ಎಲ್ಕ್ ಸಿಕ್ಕರೆ ಹಿಂದೊಡೆಯ ಒಂದು ತುಂಡು ಕೊಡು ಅಂದಳು. ಸಿಗದಿದ್ದರೆ ಅಂದೆ.

"ಸಿಗದಿದ್ರೆ ನಿನ್ನ ಪೈ ತಿಂದು ಸಾಯ್ತೀನಿ ಬಿಡು," ಅಂದಳು. ನಾನು ಬೇಯಿಸುವ ಸಿಹಿ ಪೈಗೆ ಊರಿನಲ್ಲಿ ಅಂಥ ಕೆಟ್ಟ ಹೆಸರಿದೆ.

ಸೆಪ್ಟೆಂಬರ್ ೧೧, ಶನಿವಾರ

ಶಾಲೆ ಶುರುವಾಗಿದೆ, ಬೆಳಗ್ಗೆ ಸಂಜೆ ಬಸ್. ನಡುವೆ ಸಿಗುವ ಹೊತ್ತಿನಲ್ಲಿ ನೆಲಮಾಳಿಗೆ. ಕೈಪಿಡಿ ತೆರೆದಿಟ್ಟು, ಅದು ಹೇಳಿದ ಕಡಿಮೆ ಅಳತೆಯಿಂದಲೇ ಶುರು ಮಾಡಿ, ಒಂದೊಂದು ಕೋಶಕ್ಕೂ ಮದ್ದು ತೂಗಿ ಹಾಕಿದೆ. ರೇಡಿಯೋ ಇಲ್ಲ, ಫೋನ್ ಇಲ್ಲ. ಆರ್ಲೋ ರೇಡಿಯೋ ಹಾಕಿಕೊಂಡೇ ಮಾಡುತ್ತಿದ್ದ. ನನಗೆ ಅದು ಸರಿಬರುವುದಿಲ್ಲ, ತೂಗುವಾಗ ತೂಗಬೇಕು.

ಗುಂಡು ಕತ್ತಿನಲ್ಲಿ ಬಿಗಿಯಾಗಿ ಕೂತಾಗ ಹಿಡಿಯಲ್ಲಿ ಒಂದು ಸಣ್ಣ ತಡೆ ಸಿಗುತ್ತದೆ, ಅಂಗೈಗೆ ಗೊತ್ತಾಗುತ್ತದೆ. ಈ ತಡೆಯ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಎಷ್ಟು ಚೆಂದದ ಸಂಗತಿಯನ್ನು ಅವನು ಒಬ್ಬನೇ ಇಟ್ಟುಕೊಂಡಿದ್ದ!

ಇವತ್ತು ಮೈದಾನದಲ್ಲಿ ಮೊದಲ ತೋಟಾ ಹಾಕಿದೆ. ಕೋವಿ ಕೆನ್ನೆಗೆ ಇಟ್ಟೆ. ಬೆರಳು ಬಗ್ಗಲಿಲ್ಲ. ಇದರೊಳಗೆ ಇರುವುದಕ್ಕೆಲ್ಲ ನಾನೇ ಹೊಣೆ, ಬೈಯಲು ಬೇರೆ ಯಾರೂ ಇಲ್ಲ ಅನ್ನಿಸಿ ಹೆದರಿಕೆಯಾಯಿತು. ಟಿಲ್ಲಿ ಪಕ್ಕದಲ್ಲಿದ್ದಳು. ಹಾರಿಸಿದೆ. ಕೋಶ ಹೊರಬಂತು, ಎಲ್ಲೂ ಬಿರುಕಿಲ್ಲ, ಉಬ್ಬಿಲ್ಲ. ಆಮೇಲೆ ಕೂತುಕೂತೇ ಹಾರಿಸಿದೆ. ನೂರು ಗಜದಲ್ಲಿ ಒಂದು ಬಿಸ್ಕತ್ತಿನ ಅಗಲದೊಳಗೆ ಎಲ್ಲವೂ.

ಟಿಲ್ಲಿ ದುರ್ಬೀನಿನಲ್ಲಿ ನೋಡಿ, "ಹೂಂ," ಅಂದಳು. ಅವಳ ಬಾಯಿಂದ ಅಷ್ಟು ಬಂದರೆ ಬ್ಯಾಂಡ್ ಬಾರಿಸಿದ ಹಾಗೆ.

ಬರೀ ಸರಳು ಎಳೆದೆಳೆದು ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಬಟ್ಟೆ ಸುತ್ತಿಕೊಂಡಿದ್ದೇನೆ. ಬಸ್ಸಿನ ಮಕ್ಕಳು ಯಾರಿಗೆ ಹೊಡೆದಿರಿ ಎಂದು ಕೇಳುತ್ತಾರೆ.

ಸೆಪ್ಟೆಂಬರ್ ೨೫, ಶನಿವಾರ

ಇವತ್ತು ನನಗಿರುವುದು ಸಿಟ್ಟೋ ಖುಷಿಯೋ ಗೊತ್ತಾಗುತ್ತಿಲ್ಲ.

ಜಾತ್ರೆ ಬಯಲಿನ ದೊಡ್ಡ ಶೆಡ್ಡಿನಲ್ಲಿ ಕೋವಿ ಸಂತೆ. ಟಿಲ್ಲಿ ಮತ್ತು ನಾನು ಹೋಗಿದ್ದೆವು, ಏನೂ ಕೊಳ್ಳಲಿಕ್ಕಲ್ಲ, ಕಣ್ಣಾಡಿಸಲಿಕ್ಕೆ. ಮೂಲೆಯ ಮೇಜಿನಲ್ಲಿ ಪಕ್ಕದ ಜಿಲ್ಲೆಯ ಒಬ್ಬ ವ್ಯಾಪಾರಿ ಹಳೇ ಪ್ರೆಸ್ಸುಗಳನ್ನು ಸಾಲಾಗಿ ಇಟ್ಟಿದ್ದ. ಮೂರನೆಯದರ ಹಿಡಿಯ ತುದಿಯಲ್ಲಿ ಒಂದು ಕರಿ ಉಂಡೆ.

ನಾನು ಅಲ್ಲೇ ನಿಂತುಬಿಟ್ಟೆ. ಗುಜರಿಗೆ ಹೋಗುವವರೆಗೆ ದಿನಾ ಬೆಳಗ್ಗೆ ನನ್ನ ಬಲಗೈ ಹಿಡಿದ ಉಂಡೆ. ಮೇಲೆ ಗೇರುಗಳ ಗೆರೆ ಕೊರೆದಿದೆ, ಎರಡನೇ ಗೇರಿನ ಹತ್ತಿರ ಸವೆದಿದೆ. ಆ ಬಸ್ಸಿನ ಎರಡನೇ ಗೇರ್ ಹಟಮಾರಿ.

ಎಲ್ಲಿಂದ ಬಂತೆಂದು ಕೇಳಿದೆ. ಬೇಸಿಗೆಯ ಶುರುವಿನಲ್ಲಿ ಕುಂಟುವ ಒಬ್ಬ ಮನುಷ್ಯ ಮೇಜಿನ ಸಮೇತ ಮಾರಿದ ಅಂದ. ಡೆಲ್ಬರ್ಟ್ ಎಡಗಾಲು ಎಳೆಯುತ್ತಾನೆ. ಬೆಲೆ ಕೇಳಿದೆ. ಕರ್ಟಿಸನ ಕೆಂಪು ಪೆಟ್ಟಿಗೆಗೆ ಹತ್ತಿರ ಹತ್ತಿರ. ಈಗ ಹಳೆಯದಕ್ಕೂ ಬೇಡಿಕೆ ಬಂದಿದೆಯಂತೆ.

ಕುಂಟುವ ಮನುಷ್ಯ ಆ ಹೊತ್ತಿಗೆ ಶೆಡ್ಡಿನ ಇನ್ನೊಂದು ತುದಿಯಲ್ಲಿ ಮಾಂಸದ ಚಿಲ್ಲಿ ಸಾರಿಗೆ ಸಿಹಿ ದಾಲ್ಚಿನ್ನಿ ರೋಲ್ ಅದ್ದಿ ತಿನ್ನುತ್ತಿದ್ದ. ಟಿಲ್ಲಿ ಹೋಗಿ ಅವನನ್ನು ತೋಳು ಹಿಡಿದು ಎಳೆತಂದಳು. ರೋಲ್ ಕೈಯಲ್ಲೇ ಇತ್ತು.

"ನಿಂಗೆ ಬೇಕಿತ್ತು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಅತ್ತಿಗೆ? ಒಂದು ಮಾತು ಕೇಳ್ಬೋದಿತ್ತಲ್ಲ," ಅಂದ.

"ತಗೊಂಡು ಹೋಗೋವಾಗ ನೀನು ಕೇಳಿದ್ಯಾ?"

ಅವನು ರೋಲನ್ನು ನೋಡಿದ. ನನಗೆ ಅದನ್ನ ನಡೆಸೋಕೆ ಬರಲ್ಲ, ಸುಮ್ಮನೆ ಜಾಗ ತಿಂತಿತ್ತು ಎಂದು ಗೊಣಗಿದ. ಆಮೇಲೆ, ಸುತ್ತ ಜನ ಸೇರಿದ್ದನ್ನು ನೋಡಿ, ತಾನೇ ಅದನ್ನು ಕೊಂಡು ವಾಪಸ್ ಕೊಡುತ್ತೇನೆಂದು ಪರ್ಸಿಗೆ ಕೈ ಹಾಕಿದ. ವ್ಯಾಪಾರಿ ಕೂಡ, ಗಂಡನ ನೆನಪಲ್ಲವೇ, ಸ್ವಲ್ಪ ಇಳಿಸುತ್ತೇನೆ ಎಂದು ದನಿ ಮೆತ್ತಗೆ ಮಾಡಿದ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಈಗ ಕಣ್ಣೊರೆಸಿಕೊಂಡು ಪ್ರೆಸ್ಸನ್ನು ತಬ್ಬಿಕೊಳ್ಳಬೇಕಿತ್ತು.

"ನನ್ನ ಹತ್ರ ಪ್ರೆಸ್ ಇದೆ," ಅಂದೆ. "ಈ ಉಂಡೆ ಮಾತ್ರ ನನ್ನದು. ಬಿಚ್ಚಿ ಕೊಡಿ."

ಉಂಡೆ ಪ್ರೆಸ್ಸಿನ ಜೊತೆಗೆ ಬಂದದ್ದು, ಹಾಗೆ ಬಿಚ್ಚಿ ಕೊಡಲಾಗುವುದಿಲ್ಲ ಅಂದ ವ್ಯಾಪಾರಿ.

"ಹೌದಾ? ಹಾಗಾದ್ರೆ ಇದರ ತಲೆ ಮೇಲೆ ಏನು ಬರೆದಿದೆ ಓದಿ. ನಿಮ್ಮ ಪ್ರೆಸ್ಸಿಗೆ ರಿವರ್ಸ್ ಗೇರ್ ಎಲ್ಲಿದೆ ತೋರಿಸಿ."

ಅವನು ಬಗ್ಗಿ ಓದಿದ. ಮೊದಲು ಹಿಂದೆ ನಿಂತವರು ನಕ್ಕರು, ಆಮೇಲೆ ಅವನೂ ನಕ್ಕ. ಬಿಚ್ಚಿ ನನ್ನ ಕೈಯಲ್ಲಿಟ್ಟ. ಡೆಲ್ಬರ್ಟ್ ನಗಲಿಲ್ಲ. ಅವನ ಮುಖ ನೋಡಿ ನನಗೆ ಇನ್ನಷ್ಟು ಖುಷಿಯಾಗಬೇಕಿತ್ತು. ಅಷ್ಟೇನೂ ಆಗಲಿಲ್ಲ.

ಮನೆಗೆ ಬಂದು ಸರಳಿಗೆ ಒಂದು ಸುತ್ತು ಟೇಪು ಹಾಕಿ ಉಂಡೆ ತಿರುಗಿಸಿ ಕೂರಿಸಿದೆ. ಬಿಗಿಯಾಗಿ ಕೂತಿತು.

ಅಕ್ಟೋಬರ್ ೧೦, ಭಾನುವಾರ

ಚರ್ಚು ಬಿಟ್ಟ ಮೇಲೆ ಡೆಲ್ಬರ್ಟ್ ಟ್ರಕ್ಕಿನ ಹತ್ತಿರ ನಿಂತಿದ್ದ, ಟೋಪಿ ಕೈಯಲ್ಲಿ. ಹವೆಯ ಬಗ್ಗೆ ಹೇಳಿದ, ಗೋಧಿಯ ಬಗ್ಗೆ ಹೇಳಿದ. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ಅವನ ದೊಡ್ಡ ಕೋವಿಗೂ ತೋಟಾ ಸಿಗುತ್ತಿಲ್ಲ. ನಾಲ್ಕು ಊರು ಸುತ್ತಿದ್ದಾನೆ.

"ಒಂದಿಪ್ಪತ್ತು ಮಾಡ್ಕೊಡು ಅತ್ತಿಗೆ. ಆರ್ಲೋ ಮಾಡ್ಕೊಡ್ತಿದ್ದ."

"ಅದಕ್ಕೇ ನಿನಗೆ ಬರಲ್ಲ. ನನಗೂ ಬರ್ತಿರಲಿಲ್ಲ."

ಮಾಡಿ ಕೊಡುವುದಿಲ್ಲ, ಬೇಕಾದರೆ ಬಂದು ಕೂತು ಕಲಿ ಅಂದೆ. ಹೊಸ ಮದ್ದು ತಾ, ನಿನ್ನ ಅಳತೆಯ ಡೈ ತಾ, ಡೈಯ ತಲೆ ಓದಿ ತಾ. ಅವನು ಟೋಪಿ ಹಾಕಿಕೊಂಡು ಹೋದ. ಬರುವುದಿಲ್ಲ ಅನ್ನಿಸುತ್ತದೆ. ಬಾರದಿದ್ದರೆ ನನಗೇನು?

ಅಕ್ಟೋಬರ್ ೨೪, ಭಾನುವಾರ

ನಿನ್ನೆ ಬೇಟೆ ಶುರುವಾದ ದಿನ. ಟ್ರಕ್ಕನ್ನು ದಿನ್ನೆಯ ಮೇಲೆ ನಿಲ್ಲಿಸಿ ಬೆಳಕು ಹರಿಯುವ ಮುಂಚೆ ನಡೆದೆ, ಒಬ್ಬಳೇ. ಮೊದಲ ಕಣಿವೆಯಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ಹಿಂಡು ಇತ್ತು, ಆದರೆ ತುಂಬ ದೂರ. ನನ್ನ ಕೋವಿ ಸಣ್ಣದು, ಎಲ್ಕ್ ಕುದುರೆಯಷ್ಟಿರುತ್ತದೆ. ಹತ್ತಿರ ಹೋಗದೆ ಹಾರಿಸಿದರೆ ಗಾಯವಾಗಿ ಓಡುತ್ತದೆ, ಆ ಪಾಪ ನನಗೆ ಬೇಡ. ಹೊಟ್ಟೆಯ ಮೇಲೆ ತೆವಳಿದೆ. ಈ ಮಂಡಿಗಳಿಗೆ ಅದು ಸಣ್ಣ ಮಾತಲ್ಲ. ಮುಳ್ಳು ಕಳ್ಳಿ ಎಲ್ಲೆಲ್ಲಿ ಚುಚ್ಚಿತೆಂದು ಇಲ್ಲಿ ಬರೆಯುವುದಿಲ್ಲ.

ಒಂದು ಹೆಣ್ಣು ಎಲ್ಕ್ ಹಿಂಡಿನಿಂದ ಸ್ವಲ್ಪ ಈಚೆ ಬಂದು ಅಡ್ಡಲಾಗಿ ನಿಂತಿತು. ಒಂದೇ ಹಾರಿಸಿದೆ. ಅದು ಎರಡು ಹೆಜ್ಜೆ ಹಾಕಿ ಕುಳಿತಿತು, ಆಮೇಲೆ ಏಳಲಿಲ್ಲ.

ಬಹಳ ಹೊತ್ತು ಅದರ ಪಕ್ಕದಲ್ಲಿ ಕೂತಿದ್ದೆ. ಬೆಚ್ಚಗಿತ್ತು, ಸೇಜ್ ಗಿಡದ ವಾಸನೆ. ಅತ್ತುಬಿಟ್ಟೆ. ನಂತರ ಚಾಕು ತೆಗೆದು ಕೆಲಸಕ್ಕೆ ಇಳಿದೆ. ತುಂಡು ತುಂಡಾಗಿ ಹೊತ್ತು ತರುವಷ್ಟರಲ್ಲಿ ಸಂಜೆ. ಬೆನ್ನು ನನ್ನದೇ ಅನ್ನಿಸುತ್ತಿಲ್ಲ. ಹಾರಿದ ಕೋಶವನ್ನು ಹುಲ್ಲಿನಲ್ಲಿ ಹುಡುಕಿ ಜೇಬಿಗೆ ಹಾಕಿಕೊಂಡು ಬಂದಿದ್ದೇನೆ, ಅದಕ್ಕಿನ್ನೂ ಆಯುಸ್ಸಿದೆ.

ಹಿಂದೊಡೆಯ ಒಳ್ಳೆಯ ತುಂಡನ್ನು ಇವತ್ತು ಟಿಲ್ಲಿಗೆ ಕೊಟ್ಟೆ. ಅವಳು ತೂಗಿ ನೋಡಿ, ಪೈಯಿಂದ ಬಚಾವಾದೆ ಅಂದಳು.

ಅಕ್ಟೋಬರ್ ೩೧, ಭಾನುವಾರ

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಹ್ಯಾಲೋವೀನ್ ಹಬ್ಬದ ಮಿಠಾಯಿ ಕೇಳುವ ಮಕ್ಕಳು ಇಷ್ಟು ಬೇಗ ಬಂದರೇ ಎಂದು ತೆರೆದರೆ ಡೆಲ್ಬರ್ಟ್. ಒಂದು ಕೈಯಲ್ಲಿ ಕೋಶಗಳ ಕಾಫಿ ಡಬ್ಬಿ, ಇನ್ನೊಂದು ಕೈಯಲ್ಲಿ ಡೈ. ಡಬ್ಬಿಯಿಲ್ಲದ ಬರೀ ಡೈ. ತಲೆ ಓದಿಕೊಂಡೇ ತಂದಿದ್ದೇನೆ ಎಂದು ಮೊದಲ ಮಾತೇ ಅದು.

ನೆಲಮಾಳಿಗೆಗೆ ಕರೆದುಕೊಂಡು ಹೋದೆ. ಬಾಗಿಲ ಹಲಗೆಯ ಮೇಜನ್ನು ಸುತ್ತಿ ನೋಡಿದ, ಉಂಡೆಯನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ಆಮೇಲೆ ಕೋಟಿನ ಜೇಬಿನಿಂದ ಅರ್ಧ ತುಂಬಿದ ಒಂದು ಮದ್ದಿನ ಡಬ್ಬಿ ತೆಗೆದ. ಅಣ್ಣನ ಮೇಜಿನ ಜೊತೆ ಬಂದದ್ದು, ಮಾರದೆ ಇಟ್ಟಿದ್ದನಂತೆ.

"ಇದಾಗಲ್ಲ. ಹುಲ್ಲಿಗೆ ಚೆಲ್ಲು," ಅಂದೆ.

"ಆರ್ಲೋ ಯಾವಾಗ್ಲೂ ಇದನ್ನೇ..."

"ನಾನು ಹೇಳ್ತಿದೀನಿ, ಚೆಲ್ಲು."

ಅವನು ನನ್ನನ್ನು ನೋಡಿದ. ಮೆಟ್ಟಿಲು ಹತ್ತಿ ಹೊರಗೆ ಹೋದ, ಕುಂಟುತ್ತ. ಕಿಟಕಿಯಲ್ಲಿ ಅವನ ಬೂಟು ಕಾಣುತ್ತಿತ್ತು. ನನ್ನ ಹುಲ್ಲಿನ ಹಸಿರು ತುಂಡಿನ ಪಕ್ಕದಲ್ಲೇ ಚೆಲ್ಲಿದ. ವಾಪಸ್ ಬಂದು, ಹೊಸ ಮದ್ದು ಟ್ರಕ್ಕಿನಲ್ಲಿದೆ, ಕರ್ಟಿಸನ ಹತ್ತಿರ ತೆಗೆದುಕೊಂಡೆ ಎಂದು ಒಪ್ಪಿಕೊಂಡ. ಕರ್ಟಿಸನೇ ಹೇಳಿದನಂತೆ, ಲವಾನ್ ಹತ್ತಿರ ಹೋಗುವುದಾದರೆ ಹಳೇ ಮದ್ದು ಒಯ್ಯಬೇಡಿ ಅಂತ.

ಕೋಶ ಒರೆಸುವ ಬಟ್ಟೆಯನ್ನು ಅವನ ಕೈಗೆ ಕೊಟ್ಟೆ. ಒರೆಸಿದ. ಒಂದನ್ನೂ ಬಿಡದೆ ಎಲ್ಲವನ್ನೂ ಒರೆಸಿದ. ಸ್ಟೂಲನ್ನು ಪ್ರೆಸ್ಸಿನ ಮುಂದಕ್ಕೆ ಎಳೆದು ಕೂರು ಅಂದೆ. ಅವನು ಕರಿ ಉಂಡೆಯ ಮೇಲೆ ಕೈ ಇಟ್ಟ, ಬಿಸಿ ಪಾತ್ರೆ ಮುಟ್ಟುವವನ ಹಾಗೆ.

"ಈಗ ಏನ್ ಮಾಡ್ಲಿ ಅತ್ತಿಗೆ?"

ಮದುವೆಯಾಗಿ ಬಂದಂದಿನಿಂದ ಆ ಮನೆಯ ಗಂಡಸೊಬ್ಬ ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು.

"ಎಳಿ," ಅಂದೆ.